ರಕ್ಷಣೆಯ ಹೆಸರಿನಲ್ಲಿ ಹರಡಿದ ನ್ಯಾಯಾಧಿಕಾರ

ಇನ್ನೊಬ್ಬರ ಸೊತ್ತನ್ನು ಕಾಯುವುದು ಬೇರೆ, ಆ ಸೊತ್ತಿಗೆ ಒಡೆಯನಾಗುವುದು ಬೇರೆ. ನಂಬಿ ಇಟ್ಟ ನ್ಯಾಸವನ್ನು ತನ್ನ ಬಂಡವಾಳದ ಖಾತೆಗೆ ಬರೆದುಕೊಳ್ಳುವ ವರ್ತಕನನ್ನು ಯಾವ ಪೇಟೆಯೂ ಗೌರವಿಸುವುದಿಲ್ಲ. ಬಸದಿಗಳ, ಛತ್ರಗಳ, ವಿದ್ಯಾರ್ಥಿನಿಲಯಗಳ ಆಡಳಿತವನ್ನು ಹೊತ್ತ ಧರ್ಮದರ್ಶಿಗಳಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಆದರೆ ಹತ್ತೊಂಬತ್ತನೆಯ ಶತಮಾನದ ಸಾಮ್ರಾಜ್ಯಗಳು ಇದೇ ಭೇದವನ್ನು ಕಾನೂನಿನ ಭಾಷೆಯಲ್ಲಿಯೇ ಮೆಲ್ಲಮೆಲ್ಲನೆ ಅಳಿಸಿಹಾಕಿದವು. ಗೆದ್ದುಕೊಂಡ ನಾಡನ್ನು ಅವು ವಸಾಹತು ಎಂದು ಕರೆದವು. ಒಪ್ಪಂದದ ಮೂಲಕ ಆಶ್ರಯಕ್ಕೆ ಬಂದ ನಾಡನ್ನು ರಕ್ಷಿತ ರಾಜ್ಯ, ಅಂದರೆ ಪ್ರೊಟೆಕ್ಟೊರೇಟ್ ಎಂದು ಕರೆದವು. ರಕ್ಷಿತ ರಾಜ್ಯವು ಕಾನೂನಿನ ದೃಷ್ಟಿಯಲ್ಲಿ ಪರದೇಶವೇ ಆಗಿತ್ತು. ಪರದೇಶದಲ್ಲಿ ಒಬ್ಬ ದೊರೆಯ ನ್ಯಾಯಾಲಯ ಹೇಗೆ ನೆಲೆಯೂರಿತು? ಪೂರ್ವ ಆಫ್ರಿಕಾದ ಇತಿಹಾಸವು ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ. ಆ ಉತ್ತರದಲ್ಲಿ ಭಾರತೀಯ ವರ್ತಕರ ಪಾತ್ರವೂ ಇರುವುದರಿಂದ ಅದು ನಾವು ತಿಳಿಯಬೇಕಾದ ವಿಷಯವಾಗಿದೆ.

ಜಾಂಜಿಬಾರ್ ದ್ವೀಪವು ಆ ಕಾಲದಲ್ಲಿ ಲವಂಗಕ್ಕೂ ದಂತಕ್ಕೂ ಗುಲಾಮರ ವ್ಯಾಪಾರಕ್ಕೂ ಹೆಸರಾದ ಬಂದರು. ಒಮಾನಿನ ಅರಸನಾದ ಸಯ್ಯಿದ್ ಸಯೀದ್ ಅಲ್ಲಿ ನೆಲೆ ನಿಂತು ಆಳುತ್ತಿದ್ದನು. 1839ರಲ್ಲಿ ಅವನು ಬ್ರಿಟನ್ನಿನೊಡನೆ ವಾಣಿಜ್ಯ ಒಪ್ಪಂದ ಮಾಡಿಕೊಂಡನು. 1841ರಲ್ಲಿ ಕ್ಯಾಪ್ಟನ್ ಹ್ಯಾಮರ್ಟನ್ ಅಲ್ಲಿಗೆ ಕಾನ್ಸಲ್ ಆಗಿ ಬಂದನು. ಸುಲ್ತಾನನ ರಾಜ್ಯದಲ್ಲಿರುವ ಬ್ರಿಟಿಷ್ ಪ್ರಜೆಗಳ ವ್ಯಾಜ್ಯಗಳನ್ನು ಕಾನ್ಸಲ್ ತೀರ್ಮಾನಿಸಬಹುದೆಂಬುದು ಆ ಒಪ್ಪಂದದ ಒಂದು ಭಾಗವಾಗಿತ್ತು. ಇದರಲ್ಲಿ ಹೊಸತೇನೂ ಇರಲಿಲ್ಲ. ಬಂದರುಗಳಲ್ಲಿ ಪರಸ್ಥಳದ ವರ್ತಕರು ತಮ್ಮ ಜಗಳಗಳನ್ನು ತಮ್ಮ ಮುಖಂಡರ ಮುಂದೆ ತೀರಿಸಿಕೊಳ್ಳುವುದು ಪ್ರಾಚೀನ ಪದ್ಧತಿ. ಅಧಿಕಾರವು ವ್ಯಕ್ತಿಯ ಮೇಲೆ, ಮಣ್ಣಿನ ಮೇಲಲ್ಲ ಎಂಬುದೇ ಅದರ ಮೂಲತತ್ತ್ವ. ಮಣ್ಣು ಸುಲ್ತಾನನದಾಗಿಯೇ ಉಳಿಯಿತು.

ಆದರೆ ಆ ವ್ಯಕ್ತಿಗಳು ಯಾರು? ಜಾಂಜಿಬಾರಿನಲ್ಲಿದ್ದ ಆಂಗ್ಲರು ಬೆರಳೆಣಿಕೆಯವರು. ಕಚ್ಛ ಮತ್ತು ಕಾಠಿಯಾವಾಡದಿಂದ ಹೋದ ವರ್ತಕರೋ ಅವರಿಗಿಂತ ಎಷ್ಟೋ ಹೆಚ್ಚಿನವರು. ಸುಂಕದ ಗುತ್ತಿಗೆ, ಸಾಲದ ವ್ಯವಹಾರ, ತೋಟಗಳ ಅಡಮಾನ, ಇವೆಲ್ಲ ಬಹುಮಟ್ಟಿಗೆ ಇವರ ಕೈಯಲ್ಲಿದ್ದವು. ಕಚ್ಛವು ದೇಶೀ ಸಂಸ್ಥಾನವಾದ್ದರಿಂದ ಅಲ್ಲಿಯ ಪ್ರಜೆಯು ನೇರವಾಗಿ ಬ್ರಿಟಿಷ್ ಪ್ರಜೆಯಾಗಿರಲಿಲ್ಲ. 1858ರಿಂದ 1861ರವರೆಗೆ ಕಾನ್ಸಲ್ ಆಗಿದ್ದ ರಿಗ್ಬಿಯು ಭಾರತೀಯರೆಲ್ಲರೂ ತನ್ನ ಅಧಿಕಾರಕ್ಕೆ ಒಳಪಟ್ಟವರೆಂದು ಸಾರಿ, ಅವರ ಬಳಿಯಿದ್ದ ಸಾವಿರಾರು ಗುಲಾಮರನ್ನು ಬಿಡುಗಡೆ ಮಾಡಿಸಿದನು. 1869ರಲ್ಲಿ ಕಚ್ಛದ ರಾವ್ ಮಹಾರಾಜರು ಮಸ್ಕತ್ ಮತ್ತು ಆಫ್ರಿಕಾ ತೀರದಲ್ಲಿರುವ ತಮ್ಮ ಪ್ರಜೆಗಳ ವ್ಯವಹಾರಗಳನ್ನು ಬ್ರಿಟಿಷ್ ಅಧಿಕಾರಿಗಳು ತಮ್ಮ ಪ್ರಜೆಗಳದರಂತೆಯೇ ನೋಡಿಕೊಳ್ಳುವುದಕ್ಕೆ ಘೋಷಣೆಯ ಮೂಲಕ ಒಪ್ಪಿಗೆಯಿತ್ತರು. ಹೀಗೆ ಭುಜ್ ನಗರದ ಒಂದು ಘೋಷಣೆಯಿಂದ ಹಿಂದೂ ಮಹಾಸಾಗರದ ಆಚೆಯ ದಡದಲ್ಲಿ ಬ್ರಿಟಿಷ್ ನ್ಯಾಯಾಧಿಕಾರ ವಿಸ್ತಾರಗೊಂಡಿತು.

ಇಲ್ಲಿ ಒಂದು ಮಾತನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಗುಲಾಮರ ವ್ಯಾಪಾರವನ್ನು ತಡೆಯಲು ಈ ಅಧಿಕಾರವೇ ಸಾಧನವಾಯಿತು. 1873ರ ಒಪ್ಪಂದದಿಂದ ಜಾಂಜಿಬಾರಿನ ಗುಲಾಮರ ಸಂತೆ ಮುಚ್ಚಿತು. ಮನುಷ್ಯರನ್ನು ಸರಕಿನಂತೆ ಮಾರುವುದು ನಿಂತದ್ದು ಒಳ್ಳೆಯದೇ. ಅದರಿಂದ ಲಾಭ ಪಡೆಯುತ್ತಿದ್ದವರಲ್ಲಿ ನಮ್ಮ ದೇಶದವರೂ ಇದ್ದರೆಂಬುದನ್ನು ಮರೆಮಾಚಬಾರದು. ಆದರೆ ಒಂದು ಸತ್ಕಾರ್ಯಕ್ಕಾಗಿ ಪಡೆದ ಅಧಿಕಾರವು ಆ ಕಾರ್ಯ ಮುಗಿದ ಮೇಲೆ ಹಿಂದಿರುಗಲಿಲ್ಲ, ಇನ್ನಷ್ಟು ಬೆಳೆಯಿತು. ನಾವು ಚಿಂತಿಸಬೇಕಾದುದು ಇದನ್ನು.

ಆ ಬೆಳವಣಿಗೆಗೆ ಆಧಾರವಾದದ್ದು ಲಂಡನ್ನಿನ ಪಾರ್ಲಿಮೆಂಟು 1843ರಲ್ಲಿ ಮಾಡಿ, 1890ರಲ್ಲಿ ಪರಿಷ್ಕರಿಸಿದ ವಿದೇಶೀ ನ್ಯಾಯಾಧಿಕಾರ ಕಾಯಿದೆ. ಅದರ ಮೂರು ಅಂಶಗಳು ಮುಖ್ಯವಾದವು. ಮೊದಲನೆಯದು, ರಾಣಿಯು ಪರದೇಶದಲ್ಲಿ ಒಪ್ಪಂದದಿಂದಷ್ಟೇ ಅಲ್ಲದೆ ರೂಢಿಯಿಂದಲೂ, ಅಲ್ಲಿಯವರು ಸಹಿಸಿಕೊಂಡು ಸುಮ್ಮನಿದ್ದುದರಿಂದಲೂ ಅಧಿಕಾರವನ್ನು ಪಡೆಯಬಹುದು. ಎರಡನೆಯದು, ಹೀಗೆ ಪಡೆದ ಅಧಿಕಾರವನ್ನು ಆ ನಾಡನ್ನು ಗೆದ್ದುಕೊಂಡಿದ್ದರೆ ಹೇಗೋ ಹಾಗೆಯೇ ಪೂರ್ಣವಾಗಿ ಚಲಾಯಿಸಬಹುದು. ಮೂರನೆಯದು, ಅಧಿಕಾರದ ಎಲ್ಲೆ ಎಲ್ಲಿಯವರೆಗೆ ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ಎದ್ದರೆ ಸರ್ಕಾರದ ಮಂತ್ರಿಯನ್ನು ಕೇಳಬಹುದು. ಅವನು ಕೊಡುವ ಉತ್ತರವೇ ಅಂತಿಮ. ಲೆಕ್ಕಪತ್ರ ಬಲ್ಲವರಿಗೆ ಈ ಮೂರನೆಯ ಅಂಶದ ಅರ್ಥ ಥಟ್ಟನೆ ಹೊಳೆಯುತ್ತದೆ. ಲೆಕ್ಕ ಬರೆದವನೇ ಲೆಕ್ಕ ಪರಿಶೋಧಕನೂ ಆದಂತಾಯಿತು.

ಈ ಕಾಯಿದೆಯ ಬಲದಿಂದ ರಾಜಾಜ್ಞೆಗಳು ಒಂದರ ಹಿಂದೊಂದು ಹೊರಟವು. 1866ರ ಆಜ್ಞೆಯು ಜಾಂಜಿಬಾರಿನ ಕಾನ್ಸಲನ ನ್ಯಾಯಾಲಯಕ್ಕೆ ಕ್ರಮಬದ್ಧ ರೂಪ ಕೊಟ್ಟಿತು. 1884ರ ಆಜ್ಞೆಯು ಭಾರತದ ಕಾಯಿದೆಗಳನ್ನು ಅಲ್ಲಿ ನೆಲೆಗೊಳಿಸಿತು. ಅಲ್ಲಿಯ ತೀರ್ಪಿನ ಮೇಲಿನ ಮನವಿಯು ಮುಂಬಯಿಯ ಹೈಕೋರ್ಟಿಗೆ ಹೋಗುತ್ತಿತ್ತು. ಸುಲ್ತಾನನ ದ್ವೀಪವು ನ್ಯಾಯದ ಮಟ್ಟಿಗೆ ಮುಂಬಯಿ ಪ್ರಾಂತದ ಒಂದು ಜಿಲ್ಲೆಯಂತೆ ನಡೆಯತೊಡಗಿತು. 1890ರಲ್ಲಿ ಜಾಂಜಿಬಾರ್ ರಕ್ಷಿತ ರಾಜ್ಯವಾಯಿತು. 1895ರಲ್ಲಿ ಎದುರಿನ ಭೂಖಂಡದಲ್ಲಿ ಪೂರ್ವ ಆಫ್ರಿಕಾ ರಕ್ಷಿತ ಪ್ರದೇಶವು ಘೋಷಿತವಾಯಿತು. ಇದೇ ಮುಂದಿನ ಕೀನ್ಯಾ. ಅಲ್ಲಿಗೂ ಭಾರತೀಯ ದಂಡಸಂಹಿತೆಯನ್ನು ಒಯ್ಯಲಾಯಿತು. ಅದು 1930ರವರೆಗೆ ಆಚರಣೆಯಲ್ಲಿತ್ತು.

ವ್ಯಕ್ತಿಯ ಮೇಲಿನ ಅಧಿಕಾರವು ಮಣ್ಣಿನ ಮೇಲಿನ ಅಧಿಕಾರವಾದದ್ದು ಇಲ್ಲಿಯೇ. ವ್ಯವಸ್ಥಿತ ಸರ್ಕಾರವಿಲ್ಲದ ರಕ್ಷಿತ ಪ್ರದೇಶಗಳಲ್ಲಿ ಖಾಲಿ ಬಿದ್ದ ಭೂಮಿಯನ್ನು ವಿಲೇವಾರಿ ಮಾಡುವ ಹಕ್ಕು ಆ ಕಾಯಿದೆಯ ಪ್ರಕಾರ ರಾಣಿಗಿದೆಯೆಂದು ಬ್ರಿಟಿಷ್ ಸರ್ಕಾರದ ಕಾನೂನು ಅಧಿಕಾರಿಗಳು 1899ರಲ್ಲಿ ಅಭಿಪ್ರಾಯ ಕೊಟ್ಟರು. 1901ರಲ್ಲಿ ಭೂಮಿಯ ಬಗೆಗೆ ರಾಜಾಜ್ಞೆ ಹೊರಟಿತು; 1902ರಲ್ಲಿ ರಾಜಭೂಮಿಯ ಕಾನೂನು ಬಂದಿತು. ದನಗಾಹಿಗಳು ಋತುವಿಗನುಸಾರವಾಗಿ ಬಿಟ್ಟು ಮತ್ತೆ ಮರಳುವ ಹುಲ್ಲುಗಾವಲು ಕಾಗದದಲ್ಲಿ ಖಾಲಿ ಭೂಮಿಯಾಯಿತು.

ಇದರ ಪರಿಣಾಮವನ್ನು ಅನುಭವಿಸಿದವರಲ್ಲಿ ಮಸಾಯಿ ಜನರು ಪ್ರಮುಖರು. 1904ರ ಒಪ್ಪಂದದಂತೆ ಅವರು ರಿಫ್ಟ್ ಕಣಿವೆಯ ಸಮೃದ್ಧ ಹುಲ್ಲುಗಾವಲನ್ನು ಬಿಳಿಯ ನೆಲಸಿಗರಿಗೆ ಬಿಟ್ಟುಕೊಟ್ಟು, ಉತ್ತರದ ಲೈಕಿಪಿಯಾ ಮತ್ತು ದಕ್ಷಿಣದ ಒಂದು ಪ್ರದೇಶಕ್ಕೆ ಹೋದರು. ತಮ್ಮ ಜನಾಂಗ ಇರುವವರೆಗೂ ಆ ಎರಡು ಪ್ರದೇಶಗಳು ತಮಗೇ ಸೇರಿದವೆಂಬ ವಚನ ಅವರಿಗೆ ದೊರೆತಿತ್ತು. ಏಳೇ ವರ್ಷಗಳಲ್ಲಿ, 1911ರಲ್ಲಿ, ಇನ್ನೊಂದು ಒಪ್ಪಂದದ ಹೆಸರಿನಲ್ಲಿ ಅವರನ್ನು ಲೈಕಿಪಿಯಾದಿಂದಲೂ ಎಬ್ಬಿಸಲಾಯಿತು. ಮಸಾಯಿಗಳು ಈಟಿ ಎತ್ತಲಿಲ್ಲ. ವಕೀಲರನ್ನು ನೇಮಿಸಿಕೊಂಡು ನ್ಯಾಯಾಲಯದ ಬಾಗಿಲು ತಟ್ಟಿದರು. ಓಲೆ ಎನ್ಜೋಗೊ ಮತ್ತಿತರರು ಹೂಡಿದ ಈ ದಾವೆ 1913ರಲ್ಲಿ ಮೊಂಬಾಸಾದ ಹೈಕೋರ್ಟಿನಲ್ಲಿ ವಜಾ ಆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪೂರ್ವ ಆಫ್ರಿಕಾದ ಮೇಲ್ಮನವಿ ನ್ಯಾಯಾಲಯವೂ ಅದನ್ನು ತಳ್ಳಿಹಾಕಿತು.

ಕಾರಣವನ್ನು ವಾಚಕರು ಗಮನವಿಟ್ಟು ನೋಡಬೇಕು. ರಕ್ಷಿತ ಪ್ರದೇಶವು ಬ್ರಿಟಿಷ್ ನೆಲವಲ್ಲ. ಮಸಾಯಿಗಳು ಬ್ರಿಟಿಷ್ ಪ್ರಜೆಗಳಲ್ಲ. ಆದ್ದರಿಂದ ಅವರೊಡನೆ ಮಾಡಿಕೊಂಡದ್ದು ಎರಡು ರಾಜ್ಯಗಳ ನಡುವಣ ಸಂಧಿ. ಸಂಧಿಯ ಉಲ್ಲಂಘನೆಯನ್ನು ವಿಚಾರಿಸುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲ. ಇದು ತೀರ್ಪಿನ ಸಾರ. ಭೂಮಿಯನ್ನು ಪಡೆಯುವಾಗ ಆ ನಾಡು ಗೆದ್ದ ನಾಡಿನಂತೆ. ನ್ಯಾಯ ಕೊಡಬೇಕಾದಾಗ ಅದೇ ನಾಡು ಪರದೇಶ. ವಸೂಲಿಯ ಖಾತೆಯಲ್ಲಿ ಒಂದು ಹೆಸರು, ಋಣದ ಖಾತೆಯಲ್ಲಿ ಇನ್ನೊಂದು ಹೆಸರು.

ದಕ್ಷಿಣ ಆಫ್ರಿಕಾದ ಬೆಚುವಾನಾಲ್ಯಾಂಡಿನಲ್ಲಿಯೂ ಇದೇ ನಡೆಯಿತು. ಬಟವಾನಾ ಜನರ ಮುಖ್ಯಸ್ಥನಾಗಿದ್ದ ಸೆಕ್ಗೋಮಾನನ್ನು 1906ರಲ್ಲಿ ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟರು. ಅವನ ಪರವಾಗಿ ಲಂಡನ್ನಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಬಂದಾಗ, ಆ ಪ್ರದೇಶ ಪರದೇಶವೆಂದೂ, ಅವನನ್ನು ಬಂಧಿಸಲೆಂದೇ ಹೊರಡಿಸಿದ ಘೋಷಣೆಯು ವಿದೇಶೀ ನ್ಯಾಯಾಧಿಕಾರ ಕಾಯಿದೆಯ ಪ್ರಕಾರ ಸಿಂಧುವೆಂದೂ 1910ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಇಂಗ್ಲೆಂಡಿನ ಪ್ರಜೆಯು ಹೆಮ್ಮೆಪಡುತ್ತಿದ್ದ ಸ್ವಾತಂತ್ರ್ಯದ ರಕ್ಷೆ ಇಂಗ್ಲೆಂಡು ರಕ್ಷಿಸುತ್ತಿದ್ದವನಿಗೆ ದೊರೆಯಲಿಲ್ಲ.

ಈ ವ್ಯವಸ್ಥೆಯ ನೆರಳಿನಲ್ಲಿ ಬೆಳೆದ ಭಾರತೀಯ ವರ್ತಕರಿಗೆ ಏನಾಯಿತು? ತಿಳಿದ ಕಾಯಿದೆ, ತಿಳಿದ ನ್ಯಾಯಾಲಯ, ಸಾಲ ವಸೂಲಿಗೆ ಭದ್ರತೆ, ಇವು ಅವರಿಗೆ ಅನುಕೂಲವನ್ನೇ ಮಾಡಿದವು. ಜಾಮ್‌ನಗರದ ಸುತ್ತಲಿನ ಹಾಲಾರ್ ಪ್ರದೇಶದಿಂದ ಹೋದ ಓಸವಾಲ ಜೈನ ಕುಟುಂಬಗಳೂ ಕೀನ್ಯಾದ ಊರೂರುಗಳಲ್ಲಿ ಅಂಗಡಿ ತೆರೆದು ಶ್ರಮದಿಂದ ಮೇಲೆ ಬಂದವು. ಆದರೆ ಸಾಲಕ್ಕೆ ದೊರೆತ ರಕ್ಷಣೆ ಸಮಾನತೆಗೆ ದೊರೆಯಲಿಲ್ಲ. ಎತ್ತರದ ಪ್ರದೇಶದ ಫಲವತ್ತಾದ ಭೂಮಿಯನ್ನು ಸರ್ಕಾರವು ಭಾರತೀಯರಿಗೆ ಮಂಜೂರು ಮಾಡುವುದು ಆಡಳಿತಕ್ಕೆ ಅನುಕೂಲವಲ್ಲವೆಂದು 1908ರಲ್ಲಿ ವಸಾಹತು ಮಂತ್ರಿ ಲಾರ್ಡ್ ಎಲ್ಗಿನ್ ನಿರ್ಧರಿಸಿದನು; 1923ರ ಡೆವನ್‌ಶೈರ್ ಶ್ವೇತಪತ್ರವೂ ಅದನ್ನು ಎತ್ತಿಹಿಡಿಯಿತು. ಯಾರ ಹೆಸರನ್ನು ನೆಪಮಾಡಿಕೊಂಡು ಕಾನ್ಸಲನ ಅಧಿಕಾರ ಬೆಳೆಯಿತೋ ಅವರೇ ಕೊನೆಗೆ ಹೊರಗೆ ನಿಲ್ಲಬೇಕಾಯಿತು.

ಕನ್ನಡನಾಡಿಗೂ ಈ ಬಗೆಯ ಏರ್ಪಾಡು ಅಪರಿಚಿತವಲ್ಲ. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರ ವಂಶಕ್ಕೆ ಹಿಂದಿರುಗಿಸಿದಾಗ ಬೆಂಗಳೂರಿನ ದಂಡು ಪ್ರದೇಶವನ್ನು ಬ್ರಿಟಿಷರು ತಮ್ಮ ಆಡಳಿತದಲ್ಲಿಯೇ ಉಳಿಸಿಕೊಂಡರು. ನೆಲ ಮಹಾರಾಜರದು, ನ್ಯಾಯಾಲಯ ರೆಸಿಡೆಂಟರದು. 1947ರ ಜುಲೈ ತಿಂಗಳಲ್ಲಷ್ಟೇ ಅದು ಮೈಸೂರಿಗೆ ಮರಳಿತು. ಆ ಪ್ರದೇಶ ಸಮುದ್ರದಾಚೆಯದಲ್ಲ ಎಂಬುದನ್ನು ಬಿಟ್ಟರೆ ತತ್ತ್ವ ಒಂದೇ.

ಬ್ರಿಟನ್ನು ಮಾತ್ರವೇ ಹೀಗೆ ಮಾಡಿತೆಂದು ಹೇಳಲಾಗದು. ಜರ್ಮನಿಯು 1886ರ ಕಾಯಿದೆಯಿಂದ ತನ್ನ ಕಾನ್ಸಲರ ನ್ಯಾಯವ್ಯವಸ್ಥೆಯನ್ನೇ ಆಫ್ರಿಕಾದ ರಕ್ಷಿತ ಪ್ರದೇಶಗಳಿಗೆ ವಿಸ್ತರಿಸಿತು. ಫ್ರಾನ್ಸು 1881ರಲ್ಲಿ ಟುನೀಸಿಯಾವನ್ನು ರಕ್ಷಣೆಗೆ ತೆಗೆದುಕೊಂಡು, 1883ರಲ್ಲಿ ಅಲ್ಲಿ ತನ್ನ ನ್ಯಾಯಾಲಯಗಳನ್ನು ತೆರೆಯಿತು. ಮುಂದೆ 1921ರಲ್ಲಿ ಫ್ರಾನ್ಸು ಟುನೀಸಿಯಾದಲ್ಲಿ ಹುಟ್ಟಿದ ಮಾಲ್ಟಾ ಮೂಲದ ಬ್ರಿಟಿಷ್ ಪ್ರಜೆಗಳ ಮೇಲೆ ತನ್ನ ಪೌರತ್ವವನ್ನು ಹೇರಿದಾಗ ಬ್ರಿಟನ್ನು ಬಲವಾಗಿ ಪ್ರತಿಭಟಿಸಿತು. ರಕ್ಷಿತ ರಾಜ್ಯವು ರಕ್ಷಕನ ಸ್ವಂತ ನೆಲವಲ್ಲವೆಂದು ಅದು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ವಾದಿಸಿತು. ಇದು ಫ್ರಾನ್ಸಿನ ಆಂತರಿಕ ವಿಷಯ ಮಾತ್ರವಲ್ಲ. ರಕ್ಷಕ ರಾಜ್ಯದ ಅಧಿಕಾರದ ಪ್ರಮಾಣವು ಒಪ್ಪಂದಗಳನ್ನು ಅವಲಂಬಿಸಿದೆ ಎಂದು ಆ ನ್ಯಾಯಾಲಯ 1923ರ ಫೆಬ್ರವರಿಯಲ್ಲಿ ಅಭಿಪ್ರಾಯಪಟ್ಟಿತು. ಮಸಾಯಿಗಳು ಸೋತು ಹತ್ತು ವರ್ಷವೂ ಆಗಿರಲಿಲ್ಲ. ಬ್ರಿಟನ್ನಿಗಾದರೋ ಅಹವಾಲು ಹೇಳಿಕೊಳ್ಳಲು ಒಂದು ನ್ಯಾಯಪೀಠವಿತ್ತು, ಮಸಾಯಿಗಳಿಗೆ ಇರಲಿಲ್ಲ.

1920ರಲ್ಲಿ ಸುಲ್ತಾನನ ಕರಾವಳಿ ಪಟ್ಟಿಯೊಂದನ್ನು ಬಿಟ್ಟು ಉಳಿದ ಪೂರ್ವ ಆಫ್ರಿಕಾ ಪ್ರದೇಶವು ನೇರವಾಗಿ ವಸಾಹತಾಯಿತು. ಮರುವರ್ಷವೇ, ಆಫ್ರಿಕನ್ನರು ತಮ್ಮ ಪೂರ್ವಜರ ನೆಲದಲ್ಲಿ ದೊರೆಯ ಇಚ್ಛೆ ಇರುವವರೆಗೆ ಮಾತ್ರ ಇರುವ ಒಕ್ಕಲುಗಳೆಂದು ಅಲ್ಲಿಯ ಹೈಕೋರ್ಟು ತೀರ್ಪಿತ್ತಿತು. 1955ರಲ್ಲಿ ಮೊಂಬಾಸಾದ ನ್ಯಾಲಿ ಸೇತುವೆಯ ಸುಂಕದ ವ್ಯಾಜ್ಯ ಲಂಡನ್ನಿಗೆ ಬಂದಾಗ ನ್ಯಾಯಮೂರ್ತಿ ಡೆನ್ನಿಂಗ್ ಅವರು ಸತ್ಯವನ್ನು ಮುಚ್ಚಿಡಲಿಲ್ಲ. ರಕ್ಷಿತ ಪ್ರದೇಶದಲ್ಲಿ ರಾಣಿಯ ಅಧಿಕಾರ ಕಾನೂನಿನಂತೆ ಸೀಮಿತವಾದರೂ ವಾಸ್ತವದಲ್ಲಿ ಅದರ ಎಲ್ಲೆಯನ್ನು ಎಷ್ಟು ಬೇಕಾದರೂ ವಿಸ್ತರಿಸಬಹುದು, ನ್ಯಾಯಾಲಯಗಳು ಅದನ್ನು ಅಳೆಯಲು ಹೋಗುವುದಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. 1963ರಲ್ಲಿ ಕೀನ್ಯಾವೂ ಜಾಂಜಿಬಾರೂ ಸ್ವತಂತ್ರವಾದವು.

ಈ ಇತಿಹಾಸದಲ್ಲಿ ಮೊದಲಿನಿಂದ ಕೊನೆಯವರೆಗೆ ಎಲ್ಲವೂ ಕಾಗದಪತ್ರಗಳೊಡನೆ, ಮೊಹರುಗಳೊಡನೆ, ತೀರ್ಪುಗಳೊಡನೆ ನಡೆಯಿತು. ಪ್ರತಿಯೊಂದು ಹೆಜ್ಜೆಯೂ ಹಿಂದಿನ ಹೆಜ್ಜೆಯಿಂದ ನ್ಯಾಯವಾಗಿಯೇ ಹೊರಟಂತೆ ಕಾಣುತ್ತದೆ. ತಪ್ಪಿದ್ದದ್ದು ಒಂದೇ ಕಡೆ: ಕಾಯುವವನ ಅಧಿಕಾರಕ್ಕೆ ಎಲ್ಲೆ ಹಾಕುವ ಕೆಲಸವನ್ನು ಕಾಯುವವನಿಗೇ ಒಪ್ಪಿಸಲಾಗಿತ್ತು. ಸಾಮ್ರಾಜ್ಯಗಳು ಅಳಿದುಹೋದವು; ಆದರೆ ಇನ್ನೊಬ್ಬರ ಸೊತ್ತಿನ ಪಾಲನೆ ಸಣ್ಣ ಪ್ರಮಾಣದಲ್ಲಿ ನಮ್ಮೆಲ್ಲರ ಪಾಲಿಗೂ ಬರುತ್ತದೆ. ಅಪ್ರಾಪ್ತ ವಯಸ್ಕನ ಆಸ್ತಿಯಾಗಲಿ, ವಿಧವೆಯ ಹಣವಾಗಲಿ, ಸಮಾಜದ ನಿಧಿಯಾಗಲಿ, ಅದರ ಪಾಲಕನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ನಾನು ಕಾಯುತ್ತಿರುವವರು ನನ್ನ ಮೇಲೆಯೇ ದೂರು ಕೊಡಬೇಕಾಗಿ ಬಂದರೆ, ಅದನ್ನು ಕೇಳಲು ನನ್ನನ್ನು ಬಿಟ್ಟು ಬೇರೊಬ್ಬರು ಇದ್ದಾರೆಯೇ? ಇದ್ದಾರೆ ಎಂದಾದರೆ ಮಾತ್ರ ಅದು ರಕ್ಷಣೆ.