ಲಿಗ್ನೈಟ್ ಕಲ್ಲಿದ್ದಲಿನ ಸಾವಯವ ಘಟಕಗಳ ವರ್ಗೀಕರಣ

ಪೀಠಿಕೆ

ಸಸ್ಯಾವಶೇಷಗಳು ಪೀಟ್ ಹಂತವನ್ನು ದಾಟಿ, ಬಿಟುಮಿನಸ್ ಹಂತವನ್ನು ಇನ್ನೂ ತಲುಪದಿರುವ ಕಲ್ಲಿದ್ದಲನ್ನು ಕೆಳ ಶ್ರೇಣಿಯ ಕಲ್ಲಿದ್ದಲು ಎನ್ನಲಾಗುತ್ತದೆ. ಇದರಲ್ಲಿ ಲಿಗ್ನೈಟ್ ಪ್ರಮುಖವಾದುದು. ಭಾರತದಲ್ಲಿ ಇದು ಮುಖ್ಯವಾಗಿ ತಮಿಳುನಾಡು, ಗುಜರಾತ್ ಮತ್ತು ರಾಜಸ್ಥಾನಗಳಲ್ಲಿ ದೊರೆಯುತ್ತದೆ. ತಮಿಳುನಾಡಿನ ನೈವೇಲಿಯ ಲಿಗ್ನೈಟ್‌ನ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ.

ವರ್ಗೀಕರಣದ ಅಗತ್ಯ

ತೇವಾಂಶ, ಬೂದಿ ಮತ್ತು ಉಷ್ಣಮೌಲ್ಯಗಳು ಇಂಧನದ ಪ್ರಮಾಣಾತ್ಮಕ ಗುಣಗಳನ್ನು ಮಾತ್ರ ತಿಳಿಸುತ್ತವೆ. ಈ ಅಂಕಿಗಳು ಸಮನಾಗಿರುವ ಎರಡು ಮಾದರಿಗಳು ಒಣಗಿಸುವಾಗ, ಇಟ್ಟಿಗೆಯಾಗಿ ಒತ್ತುವಾಗ ಅಥವಾ ಅನಿಲೀಕರಿಸುವಾಗ ಬೇರೆ ಬೇರೆ ರೀತಿಯಲ್ಲಿ ವರ್ತಿಸಬಹುದು. ಅವು ಯಾವ ಸಸ್ಯಭಾಗಗಳಿಂದ, ಯಾವ ಸ್ಥಿತಿಯಲ್ಲಿ ಉಂಟಾದವು ಎಂಬುದು ಇದಕ್ಕೆ ಒಂದು ಮುಖ್ಯ ಕಾರಣ. ಸೂಕ್ಷ್ಮದರ್ಶಕದಲ್ಲಿ ಗುರುತಿಸಬಹುದಾದ ಇಂತಹ ಸಾವಯವ ಘಟಕಗಳಿಗೆ ಮೇರಿ ಸ್ಟೋಪ್ಸ್ ಅವರು 1935ರಲ್ಲಿ ಮೆಸೆರಲ್ ಎಂಬ ಹೆಸರನ್ನು ನೀಡಿದರು.

ಮೂರು ಗುಂಪುಗಳು

1. ಹ್ಯೂಮಿನೈಟ್: ಮರ, ಬೇರು ಮತ್ತು ಎಲೆಗಳ ಅಂಗಾಂಶದಿಂದ ಉಂಟಾದುದು, ಆಮ್ಲಜನಕದ ಅಂಶ ಹೆಚ್ಚು. ಬಹುತೇಕ ಲಿಗ್ನೈಟ್‌ಗಳಲ್ಲಿ ಇದೇ ಪ್ರಧಾನ ಗುಂಪು. ಅಂಗಾಂಶದ ರಚನೆ ಉಳಿದಿದ್ದರೆ ಟೆಲೊಹ್ಯೂಮಿನೈಟ್, ನುಣ್ಣನೆಯ ಚೂರುಗಳಾಗಿದ್ದರೆ ಡೆಟ್ರೊಹ್ಯೂಮಿನೈಟ್, ರಚನೆಯಿಲ್ಲದ ಜೆಲ್ ರೂಪದಲ್ಲಿದ್ದರೆ ಜೆಲೊಹ್ಯೂಮಿನೈಟ್ ಎಂಬ ಮೂರು ಉಪಗುಂಪುಗಳಿವೆ. ಜೆಲ್ ಆಗಿ ಗಟ್ಟಿಯಾದ ಭಾಗಗಳು ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತವೆ.

2. ಲಿಪ್ಟಿನೈಟ್: ಪರಾಗ, ಬೀಜಾಣು, ಎಲೆಯ ಮೇಣದ ಹೊರಪದರ, ರಾಳ ಮತ್ತು ಪಾಚಿಗಳಿಂದ ಉಂಟಾದುದು. ಜಲಜನಕದ ಅಂಶ ಹೆಚ್ಚಾಗಿರುವುದರಿಂದ ಕಾಯಿಸಿದಾಗ ಅನಿಲ ಹಾಗೂ ಟಾರು ಅಧಿಕವಾಗಿ ಬರುತ್ತವೆ. ನೀಲಿ ಬೆಳಕಿನ ಪ್ರಚೋದನೆಯಲ್ಲಿ ಹೊಳೆಯುವುದು ಇದರ ಗುರುತು.

3. ಇನರ್ಟಿನೈಟ್: ಸುಟ್ಟ ಅಥವಾ ಉತ್ಕರ್ಷಣಗೊಂಡ ಸಸ್ಯಭಾಗ ಮತ್ತು ಶಿಲೀಂಧ್ರಗಳ ಅವಶೇಷ. ಇಂಗಾಲದ ಅಂಶ ಹೆಚ್ಚು, ಬಾಷ್ಪಶೀಲ ಅಂಶ ಕಡಿಮೆ.

ಹ್ಯೂಮಿನೈಟ್‌ನ ಪ್ರತಿಫಲನವು ಶೇ. 0.5ರ ಮಿತಿಯನ್ನು ತಲುಪಿದಾಗ ಕಲ್ಲಿದ್ದಲು ಮಧ್ಯಮ ಶ್ರೇಣಿಯನ್ನು ಪ್ರವೇಶಿಸುತ್ತದೆ. ಅಲ್ಲಿಂದ ಮುಂದೆ ಅದೇ ಗುಂಪನ್ನು ವಿಟ್ರಿನೈಟ್ ಎನ್ನಲಾಗುತ್ತದೆ. ಅಂತರರಾಷ್ಟ್ರೀಯ ಕಲ್ಲಿದ್ದಲು ಮತ್ತು ಸಾವಯವ ಶಿಲಾಶಾಸ್ತ್ರ ಸಮಿತಿಯ ಪರಿಷ್ಕೃತ ಹ್ಯೂಮಿನೈಟ್ ವರ್ಗೀಕರಣವು 2005ರಲ್ಲಿ ಪ್ರಕಟವಾಯಿತು.

ಪರೀಕ್ಷಾ ವಿಧಾನ

ಮಾದರಿಯನ್ನು 1 ಮಿ.ಮೀ.ಗಿಂತ ಸಣ್ಣದಾಗಿ ಪುಡಿಮಾಡಿ, ಕೃತಕ ರಾಳದಲ್ಲಿ ಕೂಡಿಸಿ, ನಯಗೊಳಿಸಿ, ತೈಲ ಮಾಧ್ಯಮದಲ್ಲಿ ಪರೀಕ್ಷಿಸಲಾಗುತ್ತದೆ. ಸಾಮಾನ್ಯವಾಗಿ 500 ಬಿಂದುಗಳನ್ನು ಎಣಿಸಿ ಶೇಕಡಾವಾರು ಪ್ರಮಾಣವನ್ನು ನಿರ್ಧರಿಸಲಾಗುತ್ತದೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಅ) ಮೆಸೆರಲ್‌ಗಳ ಪ್ರಮಾಣವು ಗಾತ್ರದ ಶೇಕಡಾವಾರು ಆಗಿದ್ದು, ಬೂದಿ ಮತ್ತು ತೇವಾಂಶಗಳು ತೂಕದ ಶೇಕಡಾವಾರು ಆಗಿರುತ್ತವೆ. ಇವೆರಡನ್ನೂ ಒಟ್ಟಿಗೆ ಕೂಡಿಸಬಾರದು.

ಆ) ಫಲಿತಾಂಶವು ಖನಿಜಸಹಿತವೋ ಖನಿಜರಹಿತವೋ ಎಂಬುದನ್ನು ಖಚಿತಪಡಿಸಿಕೊಂಡ ನಂತರವೇ ಎರಡು ವರದಿಗಳನ್ನು ಹೋಲಿಸಬೇಕು.

ಇ) ತೆರೆದಿಟ್ಟ ಲಿಗ್ನೈಟ್ ಒಣಗಿ, ಬಿರಿದು, ಗಾಳಿಯೊಡನೆ ವರ್ತಿಸುತ್ತದೆ. ಆದ್ದರಿಂದ ಮಾದರಿಯನ್ನು ತೆಗೆದ ಕೂಡಲೇ ಗಾಳಿಯಾಡದ ಚೀಲದಲ್ಲಿ ಮುಚ್ಚಿ, ಸ್ಥಳ ಹಾಗೂ ಆಳವನ್ನು ನಮೂದಿಸತಕ್ಕದ್ದು.