ಅಡುಗೆಮನೆಯಿಂದ ಪೇಟೆಂಟ್ ಕಚೇರಿಗೆ

“ಅವಶ್ಯಕತೆಯೇ ಆವಿಷ್ಕಾರದ ತಾಯಿ” ಎಂದು ಶಾಲೆಯ ಪ್ರಬಂಧಗಳಲ್ಲಿ ಬರೆಯದವರು ನಮ್ಮಲ್ಲಿ ವಿರಳ. ಆದರೆ ಮೈಸೂರಿನಲ್ಲಿ ಬಿ.ಎ. ತರಗತಿಗೆ ನಾನು ಓದಿದ ಇತಿಹಾಸದಲ್ಲಿ ಜೇಮ್ಸ್ ವಾಟ್, ಎಡಿಸನ್ ಮೊದಲಾದವರಿದ್ದರೇ ಹೊರತು ಒಬ್ಬ ತಾಯಿಯ ಹೆಸರೂ ಇರಲಿಲ್ಲ. ಅಮೆರಿಕಕ್ಕೆ ಬಂದು ಎಷ್ಟೋ ವರ್ಷಗಳ ಮೇಲೆ, ಶಾಲೆಯ ಪಾಠಕ್ಕಾಗಿ ಬರೆಯುತ್ತಿದ್ದ ಮಗಳು “ಅಮ್ಮಾ, ಹೆಂಗಸರು ಯಾರೂ ಏನನ್ನೂ ಕಂಡುಹಿಡಿಯಲಿಲ್ಲವೇ?” ಎಂದು ಕೇಳಿದಾಗ ನಾನು ನಿರುತ್ತರಳಾದೆ. ಮರುದಿನ ಗ್ರಂಥಾಲಯಕ್ಕೆ ಹೋದೆ.

ಉತ್ತರದ ಒಂದಂಶ ನನ್ನ ಅಡುಗೆಮನೆಯಲ್ಲಿಯೇ ಇತ್ತು. ನಮ್ಮವರ ಅನೇಕ ಮನೆಗಳಂತೆ ನಮ್ಮಲ್ಲಿಯೂ ಡಿಶ್‌ವಾಷರ್ ಬಹುಕಾಲ ಕೈಯಲ್ಲಿ ತೊಳೆದ ಪಾತ್ರೆಗಳನ್ನು ಒಣಗಿಸುವ ಕಪಾಟಾಗಿತ್ತು. ಅದರ ಮೂಲವನ್ನು ರೂಪಿಸಿದವರು ಇಲಿನಾಯ್ ರಾಜ್ಯದ ಶೆಲ್ಬಿವಿಲ್‌ನ ಗೃಹಿಣಿ ಜೋಸೆಫೀನ್ ಕಾಕ್ರನ್. ಆಳುಗಳು ತೊಳೆಯುವಾಗ ಬೆಲೆಬಾಳುವ ಪಿಂಗಾಣಿ ತಟ್ಟೆಗಳು ಮುಕ್ಕಾಗುತ್ತಿದ್ದುದೇ ಆಕೆಯ ಚಿಂತೆ. ಯಂತ್ರ ಹುಟ್ಟಿದ್ದು ತೊಳೆಯುವವರ ಕೈಗಳ ಮೇಲಣ ಕನಿಕರದಿಂದಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

1883ರಲ್ಲಿ ಪತಿ ತೀರಿಕೊಂಡು ಸಾಲದ ಹೊರೆ ಬಿದ್ದಾಗ ಆ ಯೋಚನೆಯೇ ಜೀವನೋಪಾಯವಾಯಿತು. ತಟ್ಟೆ ಬಟ್ಟಲುಗಳ ಅಳತೆಗೆ ತಕ್ಕ ತಂತಿಯ ಗೂಡುಗಳನ್ನು ಮಾಡಿ, ತಾಮ್ರದ ಕೊಪ್ಪರಿಗೆಯೊಳಗಿನ ಚಕ್ರದಲ್ಲಿ ಅಳವಡಿಸಿ, ಬಿಸಿ ಸಾಬೂನುನೀರನ್ನು ರಭಸದಿಂದ ಚಿಮ್ಮಿಸುವುದು ಆಕೆಯ ಉಪಾಯ. ಜಾರ್ಜ್ ಬಟರ್ಸ್ ಎಂಬ ಮೆಕ್ಯಾನಿಕ್ ನೆರವಾದರು. 1886ರ ಡಿಸೆಂಬರ್ 28ರಂದು ಪೇಟೆಂಟ್ ದೊರೆಯಿತು. ಆದರೆ ಷಿಕಾಗೋದಲ್ಲಿ ಯಂತ್ರವನ್ನು ಮಾರಲು ಹೊರಟಾಗ, ಗಂಡಸರ ಜೊತೆಯಿಲ್ಲದೆ ಹೋಟೆಲಿನ ಹಜಾರವನ್ನು ಒಬ್ಬರೇ ದಾಟುವುದೇ ಮಹಾ ಕಷ್ಟವಾಯಿತೆಂದು ಆಕೆ ಮುಂದೆ ಹೇಳಿಕೊಂಡಿದ್ದಾರೆ. 1893ರ ಷಿಕಾಗೋ ವಿಶ್ವಮೇಳದಲ್ಲಿ ಯಂತ್ರಕ್ಕೆ ಬಹುಮಾನ ಬಂದಿತು. ಸ್ವಾಮಿ ವಿವೇಕಾನಂದರ ಪ್ರಸಿದ್ಧ ಭಾಷಣ ಆ ಮೇಳದೊಂದಿಗೆ ನಡೆದ ಸರ್ವಧರ್ಮ ಸಮ್ಮೇಳನದ್ದೇ. ನಮ್ಮ ಪಠ್ಯಗಳು ಒಂದನ್ನು ನೆನೆದವು, ಇನ್ನೊಂದನ್ನು ಮರೆತವು. ಸಾಕಷ್ಟು ಬಿಸಿನೀರಿಲ್ಲದ ಅಂದಿನ ಮನೆಗಳಿಗಿಂತ ಹೋಟೆಲುಗಳೇ ಯಂತ್ರವನ್ನು ಕೊಂಡವು. ಅದು ಮನೆಮನೆಗೆ ಬರತೊಡಗಿದ್ದು 1950ರ ದಶಕದಲ್ಲಿ. ಕಾಕ್ರನ್ 1913ರಲ್ಲಿಯೇ ತೀರಿಕೊಂಡಿದ್ದರು.

ಚಪ್ಪಟೆ ತಳದ ಕಾಗದದ ಚೀಲ ತಯಾರಿಸುವ ಯಂತ್ರ ಮಾರ್ಗರೆಟ್ ನೈಟ್ ಅವರದು. ಬಾಲ್ಯದಲ್ಲಿಯೇ ಹತ್ತಿಗಿರಣಿಯಲ್ಲಿ ದುಡಿದವರು ಆಕೆ. ಮಾದರಿಯನ್ನು ಕಾರ್ಖಾನೆಯಲ್ಲಿ ನೋಡಿದ ಚಾರ್ಲ್ಸ್ ಅನ್ನನ್ ಎಂಬಾತ ಅದು ತನ್ನದೆಂದು ಪೇಟೆಂಟ್ ಪಡೆದ. ನೈಟ್ ಸುಮ್ಮನಿರಲಿಲ್ಲ. ತಮ್ಮ ನಕ್ಷೆಗಳನ್ನೂ ಸಾಕ್ಷಿಗಳನ್ನೂ ಮುಂದಿಟ್ಟು ವಾದಿಸಿ ಗೆದ್ದರು. 1871ರಲ್ಲಿ ಹಕ್ಕು ಅವರಿಗೇ ಬಂದಿತು.

ಅಲಬಾಮದ ಮೇರಿ ಆಂಡರ್ಸನ್‌ಗೆ ಅಂತಹ ಭಾಗ್ಯವಿರಲಿಲ್ಲ. ನ್ಯೂಯಾರ್ಕಿನ ಹಿಮಮಳೆಯಲ್ಲಿ ಟ್ರಾಮ್ ಚಾಲಕನ ಪಾಡನ್ನು ಕಂಡು ಅವರು ಯೋಚಿಸಿದ ವೈಪರ್‌ಗೆ 1903ರಲ್ಲಿ ಪೇಟೆಂಟ್ ದೊರೆಯಿತು. ಕೆನಡಾದ ಸಂಸ್ಥೆಯೊಂದು ಅದಕ್ಕೆ ಬೆಲೆಯಿಲ್ಲವೆಂದಿತು. ವೈಪರ್ ಎಲ್ಲ ಕಾರುಗಳಿಗೂ ಬರುವ ವೇಳೆಗೆ ಪೇಟೆಂಟಿನ ಅವಧಿ ಮುಗಿದು, ಆಕೆಗೆ ಕಾಸೂ ಸಿಗಲಿಲ್ಲ.

ಈ ಮೂವರ ಹೆಸರು ನಮಗೆ ದೊರೆತದ್ದು ಅವರು ಅದನ್ನು ಕಾಗದದ ಮೇಲೆ ಬರೆಯಿಸಿದ್ದರಿಂದ. ಈಳಿಗೆಮಣೆ, ಕಡೆಗೋಲು, ಶಾವಿಗೆ ಒರಳು—ಇವನ್ನು ಮೊದಲು ಯೋಚಿಸಿದವರು ಯಾರೋ! ಅವರಿಗೆ ಪೇಟೆಂಟ್ ಕಚೇರಿಯೂ ಇರಲಿಲ್ಲ, ಬರೆದಿಡುವವರೂ ಇರಲಿಲ್ಲ. ಮಗಳಿಗೆ ಅಂದು ಕೊಡಲಾಗದ ಉತ್ತರವನ್ನು ತಡವಾಗಿಯಾದರೂ ಇಲ್ಲಿ ಬರೆದಿದ್ದೇನೆ. ಸಮ್ಮೇಳನಕ್ಕೆ ಬಂದಿರುವ ಮಕ್ಕಳು ಇದೇ ಪ್ರಶ್ನೆ ಕೇಳಿದರೆ, ಸಹೃದಯ ಓದುಗರು ನನ್ನಂತೆ ನಿರುತ್ತರರಾಗದಿರಲಿ.