ಬಾದಾಮಿ ಸಾಮ್ರಾಜ್ಯಕ್ಕೆ ದೇವರೆಷ್ಟು? ಚಾಲುಕ್ಯರ ಕಾಲದ ಧರ್ಮ, ಸಮಾಜದ ಬಗ್ಗೆ ತಿಳಿದಿರಬೇಕಾದದ್ದು

ಬಾಗಲಕೋಟೆಯಲ್ಲಿ ನನ್ನ ಜೊತೆ ಇಂಜಿನಿಯರಿಂಗ್ ಓದಿದ ಗೆಳೆಯನೊಬ್ಬ ಈಗ ಬೆಂಗಳೂರಿನಲ್ಲಿ ವಿಡಿಯೋ ಗೇಮ್ ಮಾಡುವ ಕೆಲಸದಲ್ಲಿದ್ದಾನೆ. ಹೋದ ತಿಂಗಳು ಫೋನ್ ಮಾಡಿದ್ದ. "ದೋಸ್ತ, ಅನ್ಯಗ್ರಹದ್ದೊಂದು ಸಾಮ್ರಾಜ್ಯ ಕಟ್ಟಾಕತ್ತೀನಿ. ಚಕ್ರವರ್ತಿ ಒಬ್ಬ, ದೇವರು ಒಂದು, ಪೂಜಾರಿಗಳ ಮಂಡಳಿ ಒಂದು. ಇಷ್ಟ ಸಾಕಲ್ಲ?"

"ನೀ ಬಾದಾಮಿ ನೋಡಿಲ್ಲೇನಲೇ?" ಅಂದೆ.

"ನೋಡೀನಲ್ಲ. ಮಂಗ್ಯಾ ನನ್ನ ಚಿಪ್ಸ್ ಪಾಕೀಟ ಕಸ್ಕೊಂಡು ಹೋಗಿತ್ತು."

ನಗು ಬಂತು. ಆದರೆ ಫೋನ್ ಇಟ್ಟ ಮೇಲೆ ಅನ್ನಿಸಿತು, ತಪ್ಪು ಅವನೊಬ್ಬನದಲ್ಲ. ಸಿನಿಮಾದ ಅನ್ಯಗ್ರಹ ಸಾಮ್ರಾಜ್ಯಗಳಲ್ಲಿ ಗ್ರಹಕ್ಕೊಂದೇ ಧರ್ಮ ಇರುತ್ತದೆ. ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುವ ಚಾಲುಕ್ಯ ಸಾಮ್ರಾಜ್ಯವೂ ಹಾಗೇ ಇದೆ. ಒಂದು ಗುಂಪಿನ ಪ್ರಕಾರ ಅದು ಒಂದೇ ಧರ್ಮದ ಧ್ವಜ ಹಿಡಿದ ರಾಜ್ಯ. ಇನ್ನೊಂದು ಗುಂಪಿನ ಪ್ರಕಾರ ಎಲ್ಲ ಮತಗಳೂ ಕೈಕೈ ಹಿಡಿದು ನಡೆದ ಸುವರ್ಣಯುಗ. ಎರಡೂ ಗುಂಪುಗಳ ಪೋಸ್ಟರಿನಲ್ಲಿ ಇರುವುದು ಅದೇ ಪುಲಿಕೇಶಿ. ಅದಕ್ಕೇ, ಕಲ್ಲಿನ ಮೇಲೆ ಏನು ಬರೆದಿದೆ ಅನ್ನುವುದನ್ನು ಒಂದು ಕಡೆ ಕೂಡಿಸಿಡೋಣ ಅಂತ ಈ ಬರಹ.

ಮೊದಲು ಬೇಸಿಕ್ಸ್

ಬಾದಾಮಿಯ ಹಳೆಯ ಹೆಸರು ವಾತಾಪಿ. ಕ್ರಿ.ಶ. 543ರಲ್ಲಿ ಒಂದನೇ ಪುಲಿಕೇಶಿ ಇಲ್ಲಿನ ಬೆಟ್ಟಕ್ಕೆ ಕೋಟೆ ಕಟ್ಟಿಸಿದ. ಬಂಡೆಯ ಮೇಲಿನ ಶಾಸನದಲ್ಲಿ ಶಕ ವರ್ಷ 465 ಅಂತ ಸ್ಪಷ್ಟವಾಗಿದೆ. ಅಲ್ಲಿಂದ 8ನೇ ಶತಮಾನದ ನಡುವಿನವರೆಗೆ, ಅಂದರೆ ರಾಷ್ಟ್ರಕೂಟ ದಂತಿದುರ್ಗ ಎದ್ದು ಬರುವತನಕ, ಸುಮಾರು 200 ವರ್ಷ ಈ ಮನೆತನದ ಆಳ್ವಿಕೆ. ನಡುವೆ ಒಂದು ದೊಡ್ಡ ಹೊಡೆತ ಬಿತ್ತು: 642ರ ಹೊತ್ತಿಗೆ ಪಲ್ಲವ ನರಸಿಂಹವರ್ಮ ವಾತಾಪಿಯನ್ನೇ ಹಿಡಿದ. ಅವನ ಶಾಸನವೂ ಬಾದಾಮಿಯ ಬಂಡೆಯ ಮೇಲೆ ಇವತ್ತಿಗೂ ಇದೆ.

ಒಂದನೇ ಪುಲಿಕೇಶಿ ತನ್ನ ಶಾಸನದಲ್ಲಿ ಅಶ್ವಮೇಧ ಮಾಡಿದೆ, ಹಿರಣ್ಯಗರ್ಭದಿಂದ ಹುಟ್ಟಿದೆ ಅಂತ ಹೇಳಿಕೊಳ್ಳುತ್ತಾನೆ. ಹಿರಣ್ಯಗರ್ಭ ಅಂದರೆ ಬಂಗಾರದ ಪಾತ್ರೆಯೊಳಗೆ ಕೂತು ಹೊರಬಂದು ಹೊಸ ಜನ್ಮ ಪಡೆಯುವ ಆಚರಣೆ. ಆಮೇಲೆ ಆ ಬಂಗಾರ ಪುರೋಹಿತರಿಗೆ. ನನಗೆ ಇದು ಸರ್ಟಿಫಿಕೇಟ್ ಪಡೆದಂತೆ ಕಾಣುತ್ತದೆ. ಒಂದು ಊರಿನ ಬಲಶಾಲಿ ರಾಜನಾಗಬೇಕಾದರೆ ಕತ್ತಿಯೊಂದೇ ಸಾಲದು. ಇವನು ರಾಜನೇ ಹೌದು ಅಂತ ಹೇಳುವ ಬಾಯಿಯೂ ಬೇಕು. ಆ ಬಾಯಿಗೆ ದಕ್ಷಿಣೆ ಬೇಕು.

ಒಂದೇ ವಾಕ್ಯದಲ್ಲಿ ಎಷ್ಟು ದೇವರು

ಚಾಲುಕ್ಯರ ಶಾಸನಗಳಿಗೆ ಒಂದು ಸಿದ್ಧ ಪೀಠಿಕೆ ಇದೆ. ಅದರ ಸಾರ ಇಷ್ಟು: ನಾವು ಮಾನವ್ಯ ಗೋತ್ರದವರು, ಹಾರೀತಿಯ ಮಕ್ಕಳು, ಸಪ್ತಮಾತೃಕೆಯರು ನಮ್ಮನ್ನು ಸಾಕಿದರು, ಕಾರ್ತಿಕೇಯ ನಮ್ಮನ್ನು ಕಾಪಾಡಿದ, ನಾರಾಯಣನ ಕೃಪೆಯಿಂದ ವರಾಹ ಲಾಂಛನ ಸಿಕ್ಕಿತು. ಒಂದೇ ಉಸಿರಿನಲ್ಲಿ ತಾಯಿ ದೇವತೆಯರು, ಮುರುಗ, ವಿಷ್ಣು! ಇದನ್ನು ಓದಿದ ಸೈನಿಕನೋ ವ್ಯಾಪಾರಿಯೋ ಯಾವ ದೇವರ ಭಕ್ತನಾದರೂ ತನ್ನ ದೇವರ ಹೆಸರು ಅದರಲ್ಲಿ ಕೇಳಬಹುದಿತ್ತು.

ಗುಹೆಗಳಲ್ಲೂ ಇದೇ ಲೆಕ್ಕ. ಮೊದಲನೆಯದು ಶಿವನದು, 18 ತೋಳಿನ ನಟರಾಜ ಇರುವುದು ಅಲ್ಲೇ. ಎರಡು ಮತ್ತು ಮೂರನೆಯದು ವಿಷ್ಣುವಿನದು. ನಾಲ್ಕನೆಯದು ಜೈನರದು. ಮೆಟ್ಟಿಲು ಹತ್ತಿದರೆ ಒಂದೇ ಗಂಟೆಯಲ್ಲಿ ಎಲ್ಲ ನೋಡಿ ಮುಗಿಯುತ್ತದೆ.

ರಾಜನ ದೇವರು ಬದಲಾಗುತ್ತಿದ್ದ

ಮೂರನೇ ಗುಹೆಯನ್ನು ಮಂಗಳೇಶ 578ರಲ್ಲಿ ಅಣ್ಣ ಕೀರ್ತಿವರ್ಮನ ಪುಣ್ಯಕ್ಕಾಗಿ ಮಾಡಿಸಿದ. ಅವನು ವಿಷ್ಣುವಿನ ಪರಮ ಭಕ್ತ. ಮುಂದೆ ಬಂದ ಒಂದನೇ ವಿಕ್ರಮಾದಿತ್ಯ ಸುದರ್ಶನಾಚಾರ್ಯ ಎಂಬ ಗುರುವಿನಿಂದ ಶೈವ ದೀಕ್ಷೆ ಪಡೆದ ವಿಷಯ 660ರ ಅಮುದಾಲಪಾಡು ತಾಮ್ರಪಟದಲ್ಲಿದೆ. ಆಮೇಲಿನ ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿ ಪುಲಿಗೆರೆಯಲ್ಲಿ, ಅಂದರೆ ಈಗಿನ ಲಕ್ಷ್ಮೇಶ್ವರದಲ್ಲಿ, ಜೈನ ಬಸದಿ ಕಟ್ಟಿಸಿದಳು. ಅಣ್ಣ ಪಟ್ಟದಕಲ್ಲಿನಲ್ಲಿ ಶಿವನ ಗುಡಿ ಕಟ್ಟಿಸಿದವನು. ಹೀಗೆ ಮನೆಯೊಳಗೇ ಎರಡು ದಾರಿ.

ಹಾಗಂತ ಇದನ್ನು ಇವತ್ತಿನ ಅರ್ಥದ ಜಾತ್ಯತೀತತೆ ಅನ್ನೋದು ತಪ್ಪಾಗುತ್ತದೆ. ಸಂವಿಧಾನ ಪ್ರಜೆಗೆ ಹಕ್ಕು ಕೊಡುತ್ತದೆ. ಚಾಲುಕ್ಯ ರಾಜ ಕೊಡುತ್ತಿದ್ದುದು ದಾನ. ಹಕ್ಕನ್ನು ಕೇಳಿ ಪಡೆಯಬಹುದು, ದಾನಕ್ಕೆ ಕಾಯಬೇಕು.

ಮೇಗುತಿ ಗುಡ್ಡ: ಮೂರು ಪದರ

ಹುನಗುಂದ ತಾಲೂಕಿನ ಐಹೊಳೆಗೆ ಹೋದರೆ ಬಹಳ ಜನ ದುರ್ಗ ಗುಡಿ ನೋಡಿ ವಾಪಸ್ ಬರ್ತಾರೆ. ಆ ಹೆಸರಿನ ಕಥೆಯೇ ಒಂದು ಪಾಠ. ದುರ್ಗ ಅಂದರೆ ಇಲ್ಲಿ ದುರ್ಗೆ ಅಲ್ಲ, ಕೋಟೆ. ಶಾಸನದ ಪ್ರಕಾರ ಅದು ಆದಿತ್ಯನ, ಅಂದರೆ ಸೂರ್ಯನ ಗುಡಿ. ಪಕ್ಕದ ಇನ್ನೊಂದು ಗುಡಿಗೆ ಅಲ್ಲಿ ವಾಸವಿದ್ದ ಮುಸ್ಲಿಂ ವ್ಯಕ್ತಿಯ ಹೆಸರೇ ಉಳಿದಿದೆ: ಲಾಡಖಾನ್ ಗುಡಿ. ಗುಡಿಯ ಹೆಸರು ಕೇಳಿ ಇತಿಹಾಸ ತೀರ್ಮಾನ ಮಾಡುವವರು ಒಮ್ಮೆ ಇಲ್ಲಿಗೆ ಬರಬೇಕು.

ಇನ್ನೂ ಮೇಲೆ ಹತ್ತಿ. ಗುಡ್ಡದ ತಲೆಯ ಮೇಲೆ ಮೇಗುತಿ ಜಿನಾಲಯ. ಕಟ್ಟಿಸಿದವನು ರವಿಕೀರ್ತಿ ಎಂಬ ಜೈನ ಕವಿ, 634-35ರಲ್ಲಿ. ಇಮ್ಮಡಿ ಪುಲಿಕೇಶಿ ಹರ್ಷನನ್ನು ಸೋಲಿಸಿದ ಸುದ್ದಿ ನಮಗೆ ಗೊತ್ತಿರುವುದು ಮುಖ್ಯವಾಗಿ ಇಲ್ಲಿನ ಸಂಸ್ಕೃತ ಶಾಸನದಿಂದ. ಜಿನನನ್ನು ನೆನೆದು ಶುರುಮಾಡುವ ಈ ಕವಿ, ಕಾಲದ ಲೆಕ್ಕ ಹಾಕುವಾಗ ಭಾರತ ಯುದ್ಧವಾಗಿ 3735 ವರ್ಷ ಅನ್ನುತ್ತಾನೆ, ಜೊತೆಗೆ ಶಕ ವರ್ಷ 556 ಅಂತಲೂ ಹೇಳುತ್ತಾನೆ. ತನ್ನನ್ನು ಕಾಳಿದಾಸ, ಭಾರವಿಗೆ ಹೋಲಿಸಿಕೊಳ್ಳುತ್ತಾನೆ. ದೇವರು ಬೇರೆಯಾದರೂ ನೆನಪಿನ ಭಂಡಾರ ಒಂದೇ.

ಸ್ವಲ್ಪ ಕೆಳಗೆ ಎರಡು ಅಂತಸ್ತಿನ ಬೌದ್ಧ ಚೈತ್ಯ. 640ರ ಆಸುಪಾಸಿನಲ್ಲಿ ಪುಲಿಕೇಶಿಯ ನಾಡಿಗೆ ಬಂದ ಚೀನೀ ಯಾತ್ರಿಕ ಹ್ಯುಯೆನ್ ತ್ಸಾಂಗ್, ಇಲ್ಲಿ ನೂರರಷ್ಟು ವಿಹಾರಗಳು, 5,000ದಷ್ಟು ಭಿಕ್ಷುಗಳು, ನೂರರಷ್ಟು ದೇವಗುಡಿಗಳು ಇದ್ದವು ಅಂತ ಬರೆದಿದ್ದಾನೆ. ಆ ಭಿಕ್ಷುಗಳ ಕುರುಹು ಈಗ ಈ ಭಾಗದಲ್ಲಿ ಹುಡುಕಿದರೂ ಹೆಚ್ಚು ಸಿಗುವುದಿಲ್ಲ.

ಮೇಗುತಿಯ ಹಿಂದೆ ನಡೆದರೆ ಚಪ್ಪಡಿ ಕಲ್ಲುಗಳ ಶಿಲಾ ಸಮಾಧಿಗಳು. ಚಾಲುಕ್ಯರಿಗಿಂತ ಎಷ್ಟೋ ಶತಮಾನ ಹಿಂದಿನವು. ಅವರ ದೇವರ ಹೆಸರು ಯಾರೂ ಬರೆದಿಡಲಿಲ್ಲ.

ದುಡ್ಡು ಎಲ್ಲಿಂದ ಬಂತು?

ರಾಜಕೀಯ ಓದುವವರು ಕೇಳಲೇಬೇಕಾದ ಪ್ರಶ್ನೆ ಇದು. ಉತ್ತರ ಎರಡು: ಭೂಮಿ ಮತ್ತು ಯುದ್ಧ.

ಮೂರನೇ ಗುಹೆಗೆ ಒಂದು ಹಳ್ಳಿಯನ್ನೇ ಬಿಟ್ಟುಕೊಡಲಾಯಿತು. ಅದರ ಆದಾಯದಿಂದ ದಿನಕ್ಕೆ 16 ಬ್ರಾಹ್ಮಣರ ಊಟ, ಉಳಿದದ್ದು ಸಂಚಾರಿ ಸನ್ಯಾಸಿಗಳಿಗೆ. ಅಂದರೆ ಹಳ್ಳಿಯ ರೈತ ಬೆಳೆದದ್ದರ ಪಾಲು ರಾಜನ ಬದಲು ಗುಡಿಗೆ ಹೋಗತೊಡಗಿತು. ರೈತನಿಗೆ ಆದ ವ್ಯತ್ಯಾಸವೇನು ಅಂತ ಶಾಸನ ಹೇಳುವುದಿಲ್ಲ.

ಬಾದಾಮಿಯಿಂದ ಸ್ವಲ್ಪ ದೂರದ ಮಹಾಕೂಟದಲ್ಲಿ ಒಂದು ಕಂಬ ಇತ್ತು, ಈಗ ವಿಜಯಪುರದ ಮ್ಯೂಸಿಯಂನಲ್ಲಿದೆ. 600ರ ಆಸುಪಾಸಿನ ಅದರ ಶಾಸನದಲ್ಲಿ, ಕಲಚುರಿ ರಾಜ ಬುದ್ಧನನ್ನು ಸೋಲಿಸಿ ತಂದ ಸಂಪತ್ತು ಮಕುಟೇಶ್ವರನಿಗೆ ಸಂದಿತು ಅಂತ ಇದೆ. ಕೊಳ್ಳೆಯ ಮಾಲು ದೇವರ ಮಾಲಾಯಿತು.

ಇದಕ್ಕೆ ಎದುರಿಗೆ ಇನ್ನೊಂದು ಪ್ರಸಂಗ ಇಡಬೇಕು. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದಾಗ ರಾಜಸಿಂಹೇಶ್ವರ ಗುಡಿಯ ಸಂಪತ್ತನ್ನು ನೋಡಿ, ಮುಟ್ಟದೆ ದೇವರಿಗೇ ಬಿಟ್ಟ. ಆ ಮಾತು ಕಂಚಿಯ ಕೈಲಾಸನಾಥ ಗುಡಿಯ ಕಂಬದ ಮೇಲೆ ಕನ್ನಡದಲ್ಲೇ ಕೆತ್ತಿದೆ. ನೂರು ವರ್ಷದ ಹಿಂದೆ ತನ್ನ ರಾಜಧಾನಿ ಹಿಡಿದವರ ಊರದು. ಈ ಉದಾರತೆಯನ್ನು ಮೆಚ್ಚೋಣ, ಅದು ಗೆದ್ದವನ ಉದಾರತೆ ಅನ್ನೋದನ್ನೂ ಮರೆಯೋದು ಬೇಡ.

ಇನ್ನೊಂದು ವಿಷಯ. ಪಲ್ಲವರೂ ಶಿವ, ವಿಷ್ಣುವನ್ನೇ ಪೂಜಿಸಿದವರು. ಆದರೂ ಆ ಗದ್ದಲದ ವರ್ಷಗಳಲ್ಲಿ ನಿಂತುಹೋಗಿದ್ದ ದೇವರ ಮತ್ತು ಬ್ರಾಹ್ಮಣರ ದತ್ತಿಗಳನ್ನು ತಾನು ಮತ್ತೆ ಚಾಲೂ ಮಾಡಿದೆ ಅಂತ ಒಂದನೇ ವಿಕ್ರಮಾದಿತ್ಯನ ಶಾಸನಗಳು ಹೇಳುತ್ತವೆ. ದೇವರು ಒಂದೇ ಆದರೆ ಜಗಳ ಇರಲ್ಲ ಅನ್ನುವ ನಂಬಿಕೆಗೆ ಇಲ್ಲಿ ಆಧಾರವಿಲ್ಲ.

ಹೆಸರು ಉಳಿಸಿಕೊಂಡವರು

ಪಟ್ಟದಕಲ್ಲು 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಅಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡನ ಕಂಚಿ ವಿಜಯದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ವಿರೂಪಾಕ್ಷದ ಶಿಲ್ಪಿ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿ ಎಂಬ ಬಿರುದು ಸಿಕ್ಕಿತು. ಕಲ್ಲು ಕೆತ್ತಿದವನ ಹೆಸರು ಕಲ್ಲಿನ ಮೇಲೆ ಉಳಿಯುವುದು ಸಣ್ಣ ಸಂಗತಿಯಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಸರು ವಿನಾಪೋಟಿ. ಮಹಾಕೂಟದ ಕನ್ನಡ ಶಾಸನದ ಪ್ರಕಾರ ಅವಳು ವಿಜಯಾದಿತ್ಯನ ಪ್ರಾಣವಲ್ಲಭೆ, ಸೂಳೆಗೇರಿಯ ಹೆಣ್ಣು ಅಂತ ಸಮಾಜ ಪಕ್ಕಕ್ಕೆ ಸರಿಸುವ ವರ್ಗದವಳು. ಅವಳು ಮಹಾಕೂಟೇಶ್ವರನಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಹೊಲ ಕೊಟ್ಟಳು. ವಂಶ ಹೇಳುವಾಗ ಅಪ್ಪನ ಹೆಸರೇ ಇಲ್ಲ: ರೇವಮಂಚಳೆಯ ಮಗಳು ಕುಚಿಪೋಟಿ, ಅವಳ ಮಗಳು ವಿನಾಪೋಟಿ. ರಾಜರು ಗೋತ್ರ ಹುಡುಕುತ್ತಿದ್ದ ಕಾಲದಲ್ಲಿ ಇವಳು ಅವ್ವ, ಆಯಿಯ ಹೆಸರಿನಲ್ಲಿ ನಿಂತಳು.

ವ್ಯಾಪಾರಿಗಳೂ ಇದ್ದರು. ಐಹೊಳೆಯ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕ ಸಂಘ ಮುಂದಿನ ಶತಮಾನಗಳಲ್ಲಿ ಎಷ್ಟು ಬೆಳೆಯಿತೆಂದರೆ, 1088ರ ಅವರ ತಮಿಳು ಶಾಸನ ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ ಸಿಕ್ಕಿದೆ.

ಹೆಸರಿಲ್ಲದವರು

ನಾನು ಇಳಕಲ್ಲಿನ ನೇಕಾರರ ಮನೆಯವನು. ಹುಡುಗನಿದ್ದಾಗ ಬಾದಾಮಿ ಗುಹೆ ತೋರಿಸಲು ಕರೆದುಕೊಂಡು ಹೋದ ಆಯಿಯನ್ನು ಕೇಳಿದ್ದೆ, "ಆಯಿ, ನಮ್ಮೋರ ಹೆಸರ ಎಲ್ಲಿ ಬರದಾರ?" ಆಕೆ ಕಲ್ಲಿನ ಮೇಲಿನ ಮೂರ್ತಿಯ ಸೀರೆ ತೋರಿಸಿ, "ಇದನ್ನ ನೇಯ್ದಾಂವ ಯಾರಂತ ತಿಳದಿ? ಕಲ್ಲಾಗಿನ ಸೀರಿಗೂ ಒಬ್ಬ ನೇಕಾರ ಬೇಕಲ್ಲಪ" ಅಂದಿದ್ದಳು.

ಅದೇ ಮೂರನೇ ಗುಹೆಯ ಹತ್ತಿರ ಮಂಗಳೇಶನ ಒಂದು ಪುಟ್ಟ ಕನ್ನಡ ಶಾಸನ ಇದೆ. ಗುಹೆಯನ್ನು ಅದು 'ಕಲ್ಮನೆ' ಅನ್ನುತ್ತದೆ. ದತ್ತಿಯಲ್ಲಿ ದೇವರಿಗೆ ಹೂಮಾಲೆ ಕಟ್ಟುವವನಿಗೂ ಒಂದು ಪಾಲು ಇದೆ. ಇದನ್ನು ಕೆಡಿಸಿದವನು ಏಳನೇ ನರಕದ ಹುಳವಾಗಲಿ ಅಂತ ಶಾಪವೂ ಇದೆ. ಸಂಸ್ಕೃತದ ಶಾಸನ ಬ್ರಾಹ್ಮಣರ ಊಟದ ಬಗ್ಗೆ ಮಾತಾಡಿದರೆ, ಕನ್ನಡದ ಈ ಶಾಸನ ಮಾಲೆಗಾರನನ್ನು ನೆನೆಯುತ್ತದೆ. ಊರವರಿಗೆ ತಿಳಿಯಬೇಕಾದ ಮಾತನ್ನು ಊರ ಭಾಷೆಯಲ್ಲಿ ಬರೆದರು ಅಂತ ನಾನು ಓದಿಕೊಳ್ಳುತ್ತೇನೆ.

ಆದರೆ ನೇಕಾರ, ಉಳುವವ, ಸತ್ತ ದನ ಎಳೆದವ, ಗುಡಿಯೊಳಗೆ ಕಾಲಿಡಲಾಗದವ, ಇವರು ಈ ಕಲ್ಲುಗಳಲ್ಲಿ ದನಿಯಾಗಿ ಇಲ್ಲ. ಅವರ ದೇವರುಗಳಿಗೆ ತಾಮ್ರಪಟ ಸಿಗಲಿಲ್ಲ. ಬಾದಾಮಿ ಮ್ಯೂಸಿಯಂನಲ್ಲಿ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಇದ್ದಾಳೆ: ತಲೆಯ ಜಾಗದಲ್ಲಿ ಕಮಲ, ಹೆರುವ ಭಂಗಿಯ ದೇಹ. ಪ್ರಶಸ್ತಿಗಳ ದೊಡ್ಡ ದೇವರುಗಳ ಸಾಲಿನಲ್ಲಿ ಅವಳಿಲ್ಲ, ಆದರೆ ಮಕ್ಕಳಿಗಾಗಿ ಹರಕೆ ಹೊತ್ತ ಹೆಂಗಸರಿಗೆ ರಾಜಲಾಂಛನದ ವರಾಹನಿಗಿಂತ ಇವಳೇ ಹತ್ತಿರ ಇದ್ದಿರಬೇಕು. ಇವತ್ತಿಗೂ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯಲ್ಲಿ ಸೇರುವ ಜನ ಯಾವ ಚಕ್ರವರ್ತಿಯ ಕರೆಗೂ ಬಂದವರಲ್ಲ.

ಆಮೇಲೆ ಬಂದ ಪ್ರಶ್ನೆ

ಐಹೊಳೆಯ ಮುಂದೆ ಹರಿಯುವ ಮಲಪ್ರಭೆ ಅದೇ ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. 12ನೇ ಶತಮಾನದಲ್ಲಿ ಅಲ್ಲಿ ಬೆಳೆದ ಬಸವಣ್ಣ ಮತ್ತು ಅವರ ಜೊತೆಗಾರರು, ಗುಡಿ ಕಟ್ಟಿಸಲು ದುಡ್ಡಿಲ್ಲದವನ ಭಕ್ತಿಗೆ ಬೆಲೆ ಏನು ಅಂತ ಕೇಳಿದರು. ನೇಕಾರ ಜೇಡರ ದಾಸಿಮಯ್ಯ, ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ ಇವರೆಲ್ಲ ಆ ಪರಂಪರೆಯಲ್ಲಿ ಹೆಸರಾದರು. ಕಲ್ಲಿನಲ್ಲಿ ಜಾಗ ಸಿಗದವರು ಮಾತಿನಲ್ಲಿ ಜಾಗ ಮಾಡಿಕೊಂಡರು. ಚಾಲುಕ್ಯರ ನಾಡಿನ ಧರ್ಮದ ಕಥೆಯನ್ನು ಪಟ್ಟದಕಲ್ಲಿಗೇ ನಿಲ್ಲಿಸಿದರೆ ಅರ್ಧ ಕಥೆ ಅಷ್ಟೇ.

ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಗೇಮಿನ್ಯಾಗ ಹೂವಾಡಿಗನ ಪಾತ್ರ ಒಂದು ಹಾಕಲೇನು?" ಅಂದ. ಹಾಕು ಅಂದೆ. ಅವನಿಗೆ ಒಂದು ದೇವರನ್ನೂ ಕೊಡು, ಚಕ್ರವರ್ತಿಗೆ ಗೊತ್ತಿಲ್ಲದ್ದು.

ನಿಮಗೂ ಅದೇ ಮಾತು. ನಾಳೆ ಗ್ರೂಪಿನಲ್ಲಿ ಪುಲಿಕೇಶಿಯ ಪೋಸ್ಟರ್ ಬಂದಾಗ, ಅವನ ಧರ್ಮ ಯಾವುದು ಅಂತ ಜಗಳ ಹಚ್ಚುವ ಮೊದಲು ಮೂರು ಪ್ರಶ್ನೆ ಕೇಳಿ. ಯಾರು ಕೊಟ್ಟರು? ಯಾರ ದುಡಿಮೆಯಿಂದ ಕೊಟ್ಟರು? ಯಾರ ಹೆಸರು ಬರೆಯದೆ ಬಿಟ್ಟರು?